ಜೆಫ್ರಿ ಡಿ ಹ್ಯಾವಿಲೆಂಡ್: ಮೊದಲ ವಿಮಾನ ಮುರಿದದ್ದೇಕೆ, ಬಿ.ಇ.2 ನಿಜಕ್ಕೂ ಯಾರದು?

ಗಾಳಿಪಟ (ಪ್ರಶ್ನೆ)

ಬ್ರಿಟನ್ನಿನ ವಿಮಾನ ವಿನ್ಯಾಸಕ ಜೆಫ್ರಿ ಡಿ ಹ್ಯಾವಿಲೆಂಡ್ ಬಗ್ಗೆ ಒಂದು ಲೇಖನ ಬರೆಯಬೇಕಿದೆ. 1909ರಿಂದ ಮೊದಲ ಮಹಾಯುದ್ಧ ಮುಗಿಯುವವರೆಗೆ ಸಾಕು. ಅವರ ಕಂಪನಿಯ ಮುಂದಿನ ವಿಮಾನಗಳಾದ ಮಾಸ್ಕಿಟೊ, ಕಾಮೆಟ್ ಕಡೆಗೆ ಹೋಗುವುದಿಲ್ಲ. ಚಿಕ್ಕ ಪರಿಚಯಗಳಲ್ಲೆಲ್ಲ "ಮೊದಲ ವಿಮಾನ ಬಿತ್ತು, ಎರಡನೆಯದು ಹಾರಿತು, ಸರ್ಕಾರಿ ಕೆಲಸ ಸಿಕ್ಕಿತು" ಅಂತ ಒಂದೇ ಉಸಿರಿಗೆ ಮುಗಿದುಹೋಗುತ್ತದೆ. ನನಗೆ ಬೇಕಿರುವುದು ನಡುವಿನದು.

ಎರಡೂ ವಿಮಾನಕ್ಕೆ ಎಂಜಿನ್ ಒಂದೇ ಅಂತಾರೆ. ಹಾಗಿದ್ದರೆ ಬದಲಾದದ್ದು ಏನು? ಹೇಳಿಕೊಡುವವರೇ ಇಲ್ಲದೆ ಹಾರಾಟ ಕಲಿತದ್ದು ಹೇಗೆ? ಬಿ.ಇ.2 ಎಂಬ ಸೇನಾ ವಿಮಾನ ಇವರ ವಿನ್ಯಾಸ ಅಂತ ಒಂದು ಕಡೆ ಇದೆ, ಎಡ್ವರ್ಡ್ ಬಸ್ಕ್ ಅವರದು ಅಂತ ಇನ್ನೊಂದು ಕಡೆ. ಯಾವುದು ಸರಿ? 1913ರಲ್ಲಿ ಬಿದ್ದು ದವಡೆ ಮುರಿದುಕೊಂಡರಲ್ಲ, ಅದು ಚಾಲಕನ ತಪ್ಪೋ ವಿನ್ಯಾಸದ ತಪ್ಪೋ? ಕೊನೆಯದಾಗಿ, ಡಿ.ಎಚ್.4 ಬಾಂಬರ್ ವಿಮಾನಕ್ಕೆ ಅಂಟಿಕೊಂಡ "ಉರಿಯುವ ಶವಪೆಟ್ಟಿಗೆ" ಎಂಬ ಅಡ್ಡಹೆಸರು ನ್ಯಾಯವೇ?

ಇಸವಿ, ಅಳತೆ ಸಮೇತ ಹೇಳಿದರೆ ಉಪಕಾರವಾಗುತ್ತದೆ.

ಹಳೇ ಎಂಜಿನ್

ಮೊದಲ ಪ್ರಶ್ನೆಯನ್ನು ನಾನು ತೆಗೆದುಕೊಳ್ಳುತ್ತೇನೆ. ಎಂಜಿನ್ ಒಂದೇ ಅನ್ನುವುದು ನಿಜ. ಬದಲಾದದ್ದು ಎಂಜಿನ್‌ನಿಂದ ಪ್ರೊಪೆಲರ್‌ವರೆಗಿನ ದಾರಿ ಮತ್ತು ರೆಕ್ಕೆಯ ಮರ.

ಹಿನ್ನೆಲೆ ಚುಟುಕಾಗಿ. ಹುಟ್ಟಿದ್ದು 1882ರ ಜುಲೈ 27, ಹೈ ವಿಕಂಬ್ ಹತ್ತಿರ, ತಂದೆ ಪಾದ್ರಿ. 1900ರಿಂದ 1903ರವರೆಗೆ ಕ್ರಿಸ್ಟಲ್ ಪ್ಯಾಲೇಸ್ ಎಂಜಿನಿಯರಿಂಗ್ ಶಾಲೆ. ಆಮೇಲೆ ರಗ್ಬಿಯಲ್ಲಿ ಉಗಿ ಎಂಜಿನ್ ಮಾಡುತ್ತಿದ್ದ ವಿಲನ್ಸ್ ಅಂಡ್ ರಾಬಿನ್ಸನ್, ಬರ್ಮಿಂಗ್‌ಹ್ಯಾಮ್‌ನ ವೂಲ್ಸ್‌ಲಿಯಲ್ಲಿ ನಕ್ಷೆಗಾರನ ಕೆಲಸ, ನಂತರ ವಾಲ್ತಮ್‌ಸ್ಟೋದ ಬಸ್ಸು ಕಂಪನಿ. ಅಂದರೆ ವಿಮಾನಕ್ಕೆ ಕೈ ಹಾಕುವ ಹೊತ್ತಿಗೆ ಅವರು ಪೂರ್ತಿ ಎಂಜಿನ್ ಮನುಷ್ಯ. ಮರಗೆಲಸ, ರೆಕ್ಕೆ, ಗಾಳಿ, ಇದ್ಯಾವುದರ ಅನುಭವವೂ ಇರಲಿಲ್ಲ. ಮೊದಲ ವಿಮಾನದಲ್ಲಿ ಯಾವ ಭಾಗ ಗೆದ್ದಿತು, ಯಾವ ಭಾಗ ಸೋತಿತು ಎನ್ನುವುದಕ್ಕೆ ಕಾರಣ ಇಲ್ಲೇ ಇದೆ.

ತಾಯಿಯ ತಂದೆ ಮುಂದೆ ಆಸ್ತಿಯಾಗಿ ಕೊಡಬೇಕಿದ್ದ ಹಣದಲ್ಲಿ 1,000 ಪೌಂಡ್ ಮೊದಲೇ ಕೊಟ್ಟರು. ಎಂಜಿನ್ ನಕ್ಷೆ ಡಿ ಹ್ಯಾವಿಲೆಂಡ್ ಅವರದೇ: ನಾಲ್ಕು ಸಿಲಿಂಡರ್, ಎರಡೆರಡು ಎದುರುಬದುರಾಗಿ ಮಲಗಿರುವಂಥದ್ದು, ನೀರಿನಿಂದ ತಂಪಾಗುವಂಥದ್ದು, 45 ಅಶ್ವಶಕ್ತಿ. ತಯಾರಿಸಿಕೊಟ್ಟದ್ದು ವಿಲ್ಸ್‌ಡನ್‌ನ ಐರಿಸ್ ಮೋಟಾರ್ ಕಂಪನಿ. ಈ ಜೋಡಣೆಯಲ್ಲಿ ಎದುರುಬದುರಿನ ಪಿಸ್ಟನ್‌ಗಳು ಒಟ್ಟಿಗೆ ಹೊರಗೆ ಹೋಗಿ ಒಟ್ಟಿಗೆ ಒಳಗೆ ಬರುತ್ತವೆ. ಒಂದರ ಹೊಡೆತವನ್ನು ಇನ್ನೊಂದು ತಿಂದುಹಾಕುತ್ತದೆ. ಮರ ಮತ್ತು ತಂತಿಯ ಚೌಕಟ್ಟಿಗೆ ಅದುರು ಕಡಿಮೆ ಇರುವ ಎಂಜಿನ್ ಬಹಳ ಮುಖ್ಯ. ಇಲ್ಲದಿದ್ದರೆ ತಂತಿ ಬಿಗಿಸುವ ಟರ್ನ್‌ಬಕಲ್‌ಗಳು ತಾವೇ ಸಡಿಲವಾಗುತ್ತ ಹೋಗುತ್ತವೆ.

ಚೌಕಟ್ಟು ಕಟ್ಟಿದ್ದು ಲಂಡನ್ನಿನ ಫುಲಮ್‌ನಲ್ಲಿ ಬಾಡಿಗೆಗೆ ಹಿಡಿದ ಜಾಗದಲ್ಲಿ. ಜೊತೆಗಿದ್ದವರು ಮೆಕ್ಯಾನಿಕ್ ಫ್ರ್ಯಾಂಕ್ ಹರ್ಲ್ (ಮುಂದೆ ಡಿ ಹ್ಯಾವಿಲೆಂಡ್ ಸಹೋದರಿಯನ್ನೇ ಮದುವೆಯಾದರು). ರೆಕ್ಕೆಯ ಬಟ್ಟೆ ಹೊಲಿದದ್ದು ಹೆಂಡತಿ ಲೂಯಿ, ಕೈಯಲ್ಲಿ ತಿರುಗಿಸುವ ಸಿಂಗರ್ ಹೊಲಿಗೆಯಂತ್ರದಲ್ಲಿ.

ಈಗ ತಪ್ಪುಗಳ ವಿಷಯ. ಒಂದೇ ಎಂಜಿನ್‌ನಿಂದ ಬೆವಲ್ ಗೇರ್ (ತಿರುಗುವಿಕೆಯನ್ನು ಮೂಲೆಗೆ ಹೊರಳಿಸುವ ಓರೆಹಲ್ಲಿನ ಚಕ್ರ) ಮತ್ತು ಶಾಫ್ಟ್‌ಗಳ ಮೂಲಕ ಹಿಂದಿನ ಎರಡು ಪ್ರೊಪೆಲರ್ ತಿರುಗಿಸುವ ಏರ್ಪಾಡು ಮಾಡಿದರು. ಕಾಗದದ ಮೇಲೆ ಲೆಕ್ಕ ಚೆನ್ನಾಗಿಯೇ ಇದೆ: ನಿಧಾನವಾಗಿ ತಿರುಗುವ ಎರಡು ದೊಡ್ಡ ಪ್ರೊಪೆಲರ್, ಸಣ್ಣದೊಂದು ವೇಗವಾಗಿ ತಿರುಗುವುದಕ್ಕಿಂತ ಹೆಚ್ಚು ತಳ್ಳುತ್ತವೆ. ಆದರೆ ಗೇರು, ಶಾಫ್ಟು, ಬೇರಿಂಗು, ಅವನ್ನು ಹಿಡಿದಿಡುವ ಬ್ರಾಕೆಟ್ಟುಗಳ ತೂಕ ಲಾಭವನ್ನು ನುಂಗುತ್ತದೆ. ಜೊತೆಗೆ ಮರದ ಚೌಕಟ್ಟು ಬಳುಕಿದಾಗ ಬೆವಲ್ ಗೇರಿನ ಹಲ್ಲುಗಳ ನಡುವಿನ ಸಂದು ಬದಲಾಗುತ್ತದೆ. ಬೆವಲ್ ಗೇರಿಗೆ ಅದು ಸುತರಾಂ ಆಗಿಬರುವುದಿಲ್ಲ.

ಇನ್ನು ಮರ. ರೆಕ್ಕೆಯ ಸ್ಪಾರ್‌ಗೆ (ರೆಕ್ಕೆಯ ಉದ್ದಕ್ಕೂ ಹೋಗುವ ತೊಲೆ) ಆ್ಯಶ್ ಅಥವಾ ಸ್ಪ್ರೂಸ್ ಹಾಕುವ ಬದಲು ಅಮೆರಿಕನ್ ವೈಟ್‌ವುಡ್ ಹಾಕಿದರು. ಸಲೀಸಾಗಿ ಉಳಿಗೆ ಬಗ್ಗುವ ಮರ, ನೋಡಲು ನೇರ, ಆದರೆ ಈ ಕೆಲಸಕ್ಕೆ ತಕ್ಕುದಲ್ಲ. ಸ್ಪಾರ್ ಮರ ಆರಿಸುವಾಗ ಜಾತಿಯಷ್ಟೇ ಎಳೆಯ ದಿಕ್ಕೂ ಮುಖ್ಯ. ಇಂದಿಗೂ ಮರದ ವಿಮಾನಕ್ಕೆ ಇರುವ ಮಿತಿ 15ಕ್ಕೆ 1, ಅಂದರೆ 15 ಅಂಗುಲ ಉದ್ದಕ್ಕೆ ಎಳೆ 1 ಅಂಗುಲಕ್ಕಿಂತ ಹೆಚ್ಚು ಓರೆಯಾಗಬಾರದು. ಓರೆ ಹೆಚ್ಚಾದರೆ ಬಗ್ಗಿಸುವ ಬಲಕ್ಕೆ ಮರ ಸೀಳುತ್ತದೆ, ಅದೂ ಮುನ್ಸೂಚನೆ ಕೊಡದೆ.

1909ರ ಡಿಸೆಂಬರ್, ಹ್ಯಾಂಪ್‌ಶೈರ್‌ನ ಸೆವೆನ್ ಬ್ಯಾರೋಸ್. ಇಳಿಜಾರಿನಲ್ಲಿ ಓಡಿಸಿ, ನೆಲ ಬಿಡುವಾಗ ನಿಯಂತ್ರಣ ಕಡ್ಡಿಯನ್ನು ಜೋರಾಗಿ ಹಿಂದಕ್ಕೆ ಎಳೆದರು. ವಿಮಾನ ಕಡಿದಾಗಿ ಮೇಲೆದ್ದಿತು, ಎಡ ರೆಕ್ಕೆ ಕುಸಿಯಿತು. ಪುಣ್ಯಕ್ಕೆ ದೊಡ್ಡ ಪೆಟ್ಟಾಗಲಿಲ್ಲ.

"ಮರ ಕೆಟ್ಟದಿತ್ತು" ಎಂದು ಅಲ್ಲಿಗೇ ನಿಲ್ಲಿಸಬೇಡಿ. ರೆಕ್ಕೆ ಎತ್ತಬಲ್ಲ ಗರಿಷ್ಠ ಭಾರ ವೇಗದ ವರ್ಗಕ್ಕೆ ಅನುಗುಣ. ನೆಲ ಬಿಡಲು ಬೇಕಾದ ಕನಿಷ್ಠ ವೇಗದ 1.4 ಪಟ್ಟಿನಲ್ಲಿ ಇರುವಾಗ ಕಡ್ಡಿಯನ್ನು ಪೂರ್ತಿ ಎಳೆದರೆ ಸ್ಪಾರ್ ಮೇಲೆ ವಿಮಾನದ ತೂಕದ ಎರಡರಷ್ಟು ಬಲ ಬೀಳುತ್ತದೆ. ವೇಗ ಎರಡು ಪಟ್ಟಾದರೆ ನಾಲ್ಕರಷ್ಟು. ಇಳಿಜಾರಿನ ಓಟ ಬೇಡದಷ್ಟು ವೇಗ ಕೊಡುತ್ತದೆ, ಹೊಸ ಕೈ ಬೇಡದಷ್ಟು ಎಳೆಯುತ್ತದೆ. ದುರ್ಬಲ ಸ್ಪಾರ್ ಜೊತೆ ಈ ಎರಡೂ ಕೂಡಿಕೊಂಡವು.

ಎಂಜಿನ್ ಉಳಿಯಿತು. ಎರಡನೇ ವಿಮಾನದಲ್ಲಿ ಗೇರೂ ಇಲ್ಲ, ಎರಡು ಪ್ರೊಪೆಲರೂ ಇಲ್ಲ. ಎಂಜಿನ್‌ಗೆ ನೇರವಾಗಿ ಕಟ್ಟಿದ ಒಂದೇ ಪ್ರೊಪೆಲರ್, ಗಟ್ಟಿ ಮರ, ಸರಳ ಚೌಕಟ್ಟು. 1910ರ ಸೆಪ್ಟೆಂಬರ್ 10ರಂದು ಅದೇ ಸೆವೆನ್ ಬ್ಯಾರೋಸ್‌ನಲ್ಲಿ ಹಾರಿತು.

ಚುಕ್ಕಾಣಿ

ಹಳೇ ಎಂಜಿನ್ ಅವರು ಹೇಳಿದ ಮೇಲೆ ಕಲಿಕೆಯ ಭಾಗ ಸುಲಭ. ಮೊದಲ ವಿಮಾನ ಮುರಿದಾಗ ಅವರು ಹಾರಾಟವನ್ನೇ ಕಲಿತಿರಲಿಲ್ಲ. ಎರಡನೆಯದರಲ್ಲಿ ಅವಸರಪಡಲಿಲ್ಲ. ಕ್ರಮ ಹೀಗೆ: ಮೊದಲು ನೆಲದ ಮೇಲೆ ಓಡಿಸುವುದು, ಎಲಿವೇಟರ್ (ಮೂಗನ್ನು ಏರಿಸಿ ಇಳಿಸುವ ಪಟ್ಟಿ) ಯಾವ ವೇಗದಲ್ಲಿ ಕೆಲಸ ಮಾಡಲು ಶುರು ಮಾಡುತ್ತದೆ ಎಂದು ಕೈಗೆ ತಿಳಿಯುವವರೆಗೆ. ಆಮೇಲೆ ಗೇಣೆತ್ತರದ ನೆಗೆತ. ಹರ್ಲ್ ಹುಲ್ಲಿನ ಮೇಲೆ ಮಲಗಿ, ಚಕ್ರದ ಕೆಳಗೆ ಬೆಳಕು ಕಾಣುತ್ತದೆಯೇ ಎಂದು ನೋಡುತ್ತಿದ್ದರು. ಒಳಗೆ ಕೂತವರಿಗೆ ಚಕ್ರ ನೆಲ ಬಿಟ್ಟಿದೆಯೋ ಇಲ್ಲವೋ ಎಂಬುದೇ ಖಾತರಿಯಾಗುತ್ತಿರಲಿಲ್ಲ. ಬಳಿಕ ನೇರ ಹಾರಾಟ, ನೇರ ಇಳಿತ. ತಿರುವು ಕೊನೆಗೆ. ಆ ಕಾಲದ ಸ್ವಯಂಕಲಿಕೆಯಲ್ಲಿ ಜನ ಸತ್ತದ್ದು ಹೆಚ್ಚಾಗಿ ತಿರುವಿನಲ್ಲೇ: ವೇಗ ಕಡಿಮೆ, ಒಳಗಿನ ರೆಕ್ಕೆಗೆ ಗಾಳಿ ಇನ್ನೂ ಕಡಿಮೆ, ವೇಗ ತೋರಿಸುವ ಮಾಪಕವಿಲ್ಲ, ಕಿವಿಗೆ ಕೇಳುವ ತಂತಿಗಳ ಶಿಳ್ಳೆಯೇ ಮಾಪಕ.

ಈ ವಿಮಾನವನ್ನು ಫಾರ್ನ್‌ಬರೋದ ಸರ್ಕಾರಿ ಬಲೂನ್ ಕಾರ್ಖಾನೆ 400 ಪೌಂಡಿಗೆ ಕೊಂಡಿತು, ಜೊತೆಗೆ ಅವರನ್ನೂ ಹರ್ಲ್‌ರನ್ನೂ ಕೆಲಸಕ್ಕೆ ತೆಗೆದುಕೊಂಡಿತು. ಶಿಫಾರಸು ಅಲ್ಲಿನ ಎಂಜಿನಿಯರ್ ಎಫ್. ಎಂ. ಗ್ರೀನ್ ಅವರದು; ಮುಖ್ಯಸ್ಥರು ಮರ್ವಿನ್ ಓ'ಗೋರ್ಮನ್. ಷರತ್ತು ಒಂದು ಗಂಟೆಯ ಹಾರಾಟ. 1911ರ ಜನವರಿ 14ರಂದು ಹಾರಿ ತೋರಿಸಿದರು. ಫೆಬ್ರವರಿಯಲ್ಲಿ ರಾಯಲ್ ಏರೋ ಕ್ಲಬ್‌ನ 53ನೇ ಪ್ರಮಾಣಪತ್ರ ಬಂತು. ಅಂದರೆ ಸರ್ಕಾರಿ ಪರೀಕ್ಷಾ ಚಾಲಕನ ಕುರ್ಚಿಯಲ್ಲಿ ಕೂತ ಮೇಲೆ ಚಾಲಕನ ಪ್ರಮಾಣಪತ್ರ! ಆಗ ಹಾಗೆಯೇ ನಡೆಯುತ್ತಿತ್ತು.

ಫಾರ್ನ್‌ಬರೋದ ಹೆಸರುಗಳು ಲೇಖನದಲ್ಲಿ ಗೊಂದಲ ಮಾಡುತ್ತವೆ, ಎಚ್ಚರ. ಎಫ್.ಇ. ಅಂದರೆ ಫರ್ಮಾನ್ ಮಾದರಿಯ ಪ್ರಯೋಗ (ಪ್ರೊಪೆಲರ್ ಹಿಂದೆ), ಬಿ.ಇ. ಬ್ಲೇರಿಯೊ ಮಾದರಿ (ಪ್ರೊಪೆಲರ್ ಮುಂದೆ), ಎಸ್.ಇ. ಮೊದಲು ಸ್ಯಾಂಟೋಸ್ ಮಾದರಿ (ಎಲಿವೇಟರ್ ಮುಂದೆ), ನಂತರ ಸ್ಕೌಟ್ (ವೇಗದ ಬೇಹುವಿಮಾನ) ಎಂಬ ಅರ್ಥ. ಡಿ ಹ್ಯಾವಿಲೆಂಡ್ ಅವರ ಸ್ವಂತ ಎರಡನೇ ವಿಮಾನವೇ ಎಫ್.ಇ.1 ಆಯಿತು.

ಕಾರ್ಖಾನೆಗೆ ಹೊಸ ವಿಮಾನ ಕಟ್ಟುವ ಅನುಮತಿ ಇರಲಿಲ್ಲ, ದುರಸ್ತಿಗೆ ಮಾತ್ರ ಇತ್ತು. ಹಾಗಾಗಿ ಮುರಿದದ್ದನ್ನು "ದುರಸ್ತಿ" ಮಾಡಿದರು. ಬ್ಲೇರಿಯೊ ಒಂದನ್ನು ದುರಸ್ತಿಗೆ ಅಂತ ತಂದರು, ಹೊರಗೆ ಬಂದದ್ದು ಎಸ್.ಇ.1. ಅದರಲ್ಲಿ ಉಳಿದದ್ದು ಹೆಚ್ಚುಕಡಿಮೆ ಎಂಜಿನ್ ಮಾತ್ರ. ಚುಕ್ಕಾಣಿ ಸರಿಯಾಗಿ ಕೆಲಸ ಮಾಡದ ಈ ಯಂತ್ರವನ್ನು ಡಿ ಹ್ಯಾವಿಲೆಂಡ್ ಎಚ್ಚರಿಕೆಯಿಂದ ಹಾರಿಸಿದರು. 1911ರ ಆಗಸ್ಟ್ 18ರಂದು ಅನುಭವ ಕಡಿಮೆ ಇದ್ದ ಲೆಫ್ಟಿನೆಂಟ್ ಥಿಯೋಡರ್ ರಿಜ್ ಅದನ್ನು ತಿರುಗಿಸುವಾಗ ಗಿರಕಿಗೆ (ಸುತ್ತುತ್ತ ಕೆಳಗೆ ಬೀಳುವ ಸ್ಥಿತಿಗೆ) ಬಿದ್ದು ತೀರಿಕೊಂಡರು. ಎಫ್.ಇ.1 ಅನ್ನು ಕೆಡವಿದ್ದೂ ಅದೇ ತಿಂಗಳು ಅವರೇ.

ಬಿ.ಇ.1 ಕೂಡ ಇದೇ ಜಾಣತನದ ಕೂಸು. ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಯುದ್ಧ ಇಲಾಖೆಗೆ ಕೊಟ್ಟಿದ್ದ ವಾಸಾನ್ ವಿಮಾನ ದುರಸ್ತಿಗೆ ಬಂತು. ಅದರ 60 ಅಶ್ವಶಕ್ತಿಯ ವೂಲ್ಸ್‌ಲಿ ಎಂಜಿನ್ ಮತ್ತು ರೇಡಿಯೇಟರ್ ಇಟ್ಟುಕೊಂಡು ಉಳಿದದ್ದೆಲ್ಲ ಹೊಸದು. 1911ರ ಡಿಸೆಂಬರ್ 4ರಂದು ಡಿ ಹ್ಯಾವಿಲೆಂಡ್ ಅವರೇ ಹಾರಿಸಿದರು. ಅವರ ಕೆಲಸದ ಬಗೆ ಅರ್ಥವಾಗಬೇಕಾದರೆ ಮುಂದಿನ ವಾರಗಳ ತಿದ್ದುಪಡಿ ನೋಡಿ. ಕಾರ್ಬ್ಯುರೇಟರ್ ಥ್ರಾಟಲ್‌ಗೆ ಬಗ್ಗುತ್ತಿರಲಿಲ್ಲ, ಕ್ಲಾಡೆಲ್ ಕಾರ್ಬ್ಯುರೇಟರ್ ಹಾಕಿದರು. ಚಕ್ರಗಳನ್ನು 12 ಅಂಗುಲ ಹಿಂದಕ್ಕೆ ಸರಿಸಿದರು. ನೇರವಾಗಿದ್ದ ರೆಕ್ಕೆಗೆ 1 ಡಿಗ್ರಿ ಮೇಲ್ಬಾಗು ಕೊಟ್ಟರು. ಎಂಜಿನ್ ವೇಗ ಏರಲಿ ಅಂತ ಪ್ರೊಪೆಲರ್ ತುದಿ ಕತ್ತರಿಸಿದರು. ಹಾರಿಸಿದವನೇ ನಕ್ಷೆ ಬರೆದವನೂ ಆಗಿದ್ದರಿಂದ ವರದಿ, ಸಮಿತಿ, ಉತ್ತರ ಎಂಬ ಸುತ್ತಾಟ ಇರಲಿಲ್ಲ.

ಗಾಳಿಪಟ

ತುಂಬಾ ಉಪಯೋಗವಾಯಿತು. ಒಂದು ಸಣ್ಣ ಅನುಮಾನ: 1 ಡಿಗ್ರಿ ಅಂದರೆ ಕಣ್ಣಿಗೂ ಕಾಣದಷ್ಟಲ್ಲವೇ? ಅದನ್ನು ಅಳೆಯುತ್ತಿದ್ದದ್ದು ಹೇಗೆ, ಅದರಿಂದ ಏನು ವ್ಯತ್ಯಾಸ?

ತಂತಿಬಿಗಿ

ಕಣ್ಣಿಗೆ ಕಾಣದಿದ್ದರೂ ದಾರಕ್ಕೆ ಕಾಣುತ್ತದೆ. 1 ಡಿಗ್ರಿ ಅಂದರೆ ಮೀಟರಿಗೆ 17.5 ಮಿಲಿಮೀಟರ್ ಏರು. ಬುಡದಿಂದ ತುದಿಗೆ 5 ಮೀಟರ್ ಇದ್ದರೆ ತುದಿ 87 ಮಿಲಿಮೀಟರ್ ಮೇಲಿರುತ್ತದೆ. ತಂತಿ ಬಿಗಿಯುವ ದ್ವಿರೆಕ್ಕೆ ವಿಮಾನಕ್ಕೆ ಸಾಮಾನ್ಯ ವಿಧಾನ ಇದು:

ಮೊದಲು ಒಡಲನ್ನು ಮೆಟ್ಟುಗಳ ಮೇಲೆ ಕೂರಿಸಿ, ಉದ್ದಕ್ಕೂ ಅಡ್ಡಕ್ಕೂ ಮಟ್ಟ ನೋಡಬೇಕು. ಇದನ್ನು ಬಿಟ್ಟರೆ ಮುಂದಿನದೆಲ್ಲ ದಂಡ. ಮೇಲಿನ ರೆಕ್ಕೆಯ ಎರಡೂ ತುದಿಗೆ, ಮುಂದಿನ ಸ್ಪಾರ್ ಮೇಲೆ, ದಾರ ಬಿಗಿಯಾಗಿ ಎಳೆದು ಕಟ್ಟಿ ನಡುವಿನಲ್ಲಿ ರೆಕ್ಕೆಗೂ ದಾರಕ್ಕೂ ಇರುವ ಅಂತರ ಅಳೆಯಬೇಕು. ಹಾರುವಾಗ ಭಾರ ಹೊರುವ ತಂತಿಗಳನ್ನು ಸಡಿಲಿಸಿ, ನೆಲದಲ್ಲಿರುವಾಗ ಭಾರ ಹೊರುವ ತಂತಿಗಳಿಂದ ಎತ್ತರ ಹೊಂದಿಸಿ, ಆಮೇಲೆ ಸಡಿಲಿಸಿದ್ದನ್ನು ಮತ್ತೆ ಬಿಗಿಯಬೇಕು. ಎಡಕ್ಕೆ ಎಷ್ಟು ಸುತ್ತೋ ಬಲಕ್ಕೂ ಅಷ್ಟೇ. ಟರ್ನ್‌ಬಕಲ್‌ನ ಹೊರಗೆ ಮೂರಕ್ಕಿಂತ ಹೆಚ್ಚು ತಿರುಪಿನ ಸುತ್ತು ಕಾಣಬಾರದು. ಕಂಡರೆ ತಂತಿಯೇ ತಪ್ಪು ಉದ್ದದ್ದು, ಬೇರೆ ಹಾಕಿ. ಕೊನೆಗೆ ಅದು ತಿರುಗದಂತೆ ಲಾಕ್ ತಂತಿ. ಅತಿಯಾಗಿ ಬಿಗಿದರೆ ಸ್ಪಾರ್ ಹಾರುವ ಮೊದಲೇ ಒತ್ತಡದಲ್ಲಿ ಕೂತಿರುತ್ತದೆ. ಹೊಸಬರು ಮಾಡುವ ತಪ್ಪು ಇದೇ, "ಬಿಗಿ ಇದ್ದಷ್ಟೂ ಒಳ್ಳೆಯದು" ಅನ್ನುವುದು.

ಪ್ರಯೋಜನ ಏನೆಂದರೆ, ವಿಮಾನ ಒಂದು ಕಡೆಗೆ ವಾಲಿ ಆ ಕಡೆಗೆ ಜಾರಿದಾಗ ತಗ್ಗಿದ ಕಡೆಯ ರೆಕ್ಕೆಗೆ ಗಾಳಿ ಹೆಚ್ಚು ಕೋನದಲ್ಲಿ ಬಡಿದು ಅದನ್ನು ತಾನೇ ಎತ್ತುತ್ತದೆ. ಬಿ.ಇ.1, ಬಿ.ಇ.2ಗಳಲ್ಲಿ ಏಲೆರಾನ್ (ರೆಕ್ಕೆಯ ಹಿಂಬದಿಯ ಕದಲುವ ಪಟ್ಟಿ) ಇರಲಿಲ್ಲ, ರೆಕ್ಕೆಯ ಹಿಂಭಾಗವನ್ನೇ ತಿರುಚಿ ವಾಲು ಸರಿಮಾಡಬೇಕಿತ್ತು. ಅದು ತೋಳಿಗೆ ಭಾರದ ಕೆಲಸ. 1 ಡಿಗ್ರಿ ಆ ಭಾರವನ್ನು ಸ್ವಲ್ಪ ಇಳಿಸುತ್ತದೆ. ತಿರುಚುವ ತಂತಿ ರಾಟೆಯ ಮೇಲೆ ಸದಾ ಓಡಾಡುವುದರಿಂದ ಅಲ್ಲೇ ಸವೆಯುತ್ತದೆ. ತಪಾಸಣೆ ಅಲ್ಲಿಂದಲೇ ಶುರುವಾಗಬೇಕು.

ಹಳೇ ಎಂಜಿನ್

ಬಿ.ಇ.2 ಎಂಜಿನ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಬಿ.ಇ.1ರ ದೇಹಕ್ಕೆ ಗಾಳಿಯಿಂದ ತಂಪಾಗುವ 60 ಅಶ್ವಶಕ್ತಿಯ ರೆನೋ ವಿ-8 ಕೂರಿಸಿದರೆ ಬಿ.ಇ.2, ಮೊದಲ ಹಾರಾಟ 1912ರ ಫೆಬ್ರವರಿ 1. ಚಾಲಕನ ಮುಂದೆ ಅಡ್ಡ ನಿಲ್ಲುತ್ತಿದ್ದ ರೇಡಿಯೇಟರ್ ಹೋಯಿತು. ಈ ರೆನೋದಲ್ಲಿ ಪ್ರೊಪೆಲರ್ ಕೂರುವುದು ಕ್ರ್ಯಾಂಕ್ ಶಾಫ್ಟಿಗಲ್ಲ, ಕವಾಟ ತೆರೆಯುವ ಕ್ಯಾಮ್ ಶಾಫ್ಟಿಗೆ. ಕ್ಯಾಮ್ ಅರ್ಧ ವೇಗದಲ್ಲಿ ತಿರುಗುವುದರಿಂದ ಬೇರೆ ಗೇರ್ ಡಬ್ಬಿ ಇಲ್ಲದೆಯೇ ಎಂಜಿನ್ 1,800 ಸುತ್ತಿದ್ದಾಗ ಪ್ರೊಪೆಲರ್ 900. ಬಿ.ಇ.2ಗೆ ನಾಲ್ಕು ಎಲೆಯ ದೊಡ್ಡ ಪ್ರೊಪೆಲರ್ ಒಗ್ಗಿದ್ದು ಇದರಿಂದ. 1909ರಲ್ಲಿ ಬೆವಲ್ ಗೇರ್ ಹಾಕಿ ಹುಡುಕಿದ ನಿಧಾನ ತಿರುಗುವಿಕೆ ಇಲ್ಲಿ ಪುಕ್ಕಟೆಯಾಗಿ ಸಿಕ್ಕಿತು.

ಚುಕ್ಕಾಣಿ

ಈಗ "ಬಿ.ಇ.2 ಯಾರದು" ಎಂಬ ಜಗಳ. ಇಬ್ಬರ ಹೆಸರೂ ಸರಿ, ಅಕ್ಷರ ನೋಡಬೇಕು ಅಷ್ಟೇ.

ಬಿ.ಇ.2, 2ಎ, 2ಬಿ: ಇವುಗಳ ಮೂಲ ಡಿ ಹ್ಯಾವಿಲೆಂಡ್. ಗಂಟೆಗೆ ಸುಮಾರು 70 ಮೈಲಿ ವೇಗ. 1912ರ ಆಗಸ್ಟ್‌ನಲ್ಲಿ ಲಾರ್ಕ್‌ಹಿಲ್‌ನಲ್ಲಿ ಸೇನಾ ವಿಮಾನ ಸ್ಪರ್ಧೆ ನಡೆಯಿತು. ಓ'ಗೋರ್ಮನ್ ತೀರ್ಪುಗಾರರಲ್ಲಿ ಒಬ್ಬರಾಗಿದ್ದರಿಂದ ಬಿ.ಇ.2 ಸ್ಪರ್ಧೆಯ ಹೊರಗೆ ಹಾರಿತು, ಬಹುಮಾನ ಎಸ್. ಎಫ್. ಕೋಡಿ ಪಾಲಾಯಿತು. ಆದರೆ ಆಗಸ್ಟ್ 12ರಂದು ಮೇಜರ್ ಸೈಕ್ಸ್ ಅವರನ್ನು ಕೂರಿಸಿಕೊಂಡು ಡಿ ಹ್ಯಾವಿಲೆಂಡ್ 10,560 ಅಡಿ ಏರಿದರು, ಬ್ರಿಟಿಷ್ ದಾಖಲೆ. ಗೆದ್ದ ಕೋಡಿ ವಿಮಾನವನ್ನು ಸೇನೆ ಹೆಚ್ಚು ಕೊಳ್ಳಲಿಲ್ಲ, ಸ್ಪರ್ಧಿಸದ ಬಿ.ಇ.2 ಅನ್ನು ಕೊಂಡಿತು. ತೀರ್ಪಿಗಿಂತ ಖರೀದಿಯೇ ಹೆಚ್ಚು ಮಾತಾಡುತ್ತದೆ.

ಬಿ.ಇ.2ಸಿ: ಇದು ಅದೇ ಕಾರ್ಖಾನೆಯ ಎಂಜಿನಿಯರ್ ಎಡ್ವರ್ಡ್ ಬಸ್ಕ್ ಅವರದು. ಕಡ್ಡಿ ಬಿಟ್ಟರೂ ನೇರ ಹಾರುವ ವಿಮಾನ ಬೇಕೆಂದು ಲೆಕ್ಕ ಹಾಕಿ, ತಾನೇ ಹಾರಿಸಿ ನೋಡಿ, ರೆಕ್ಕೆಗಳನ್ನು ಹಿಂದುಮುಂದಾಗಿ ಸರಿಸಿ, ಮೇಲ್ಬಾಗು ಹೆಚ್ಚಿಸಿ, ತಿರುಚುವಿಕೆಯ ಬದಲು ಏಲೆರಾನ್ ಕೊಟ್ಟು, ಬಾಲಕ್ಕೆ ಸ್ಥಿರ ಫಿನ್ (ಕದಲದ ನಿಂತ ಹಲಗೆ) ಸೇರಿಸಿದರು. 1914ರ ನವೆಂಬರ್ 5ರಂದು ವಿಮಾನಕ್ಕೆ ಗಾಳಿಯಲ್ಲೇ ಬೆಂಕಿ ಹತ್ತಿ ಬಸ್ಕ್ ತೀರಿಕೊಂಡರು. 1915-16ರಲ್ಲಿ ಜರ್ಮನ್ ಫೋಕರ್‌ಗಳಿಗೆ ಸುಲಭ ತುತ್ತಾದದ್ದು ಈ 2ಸಿ. ಅದರ ಸ್ಥಿರತೆಯನ್ನು ಡಿ ಹ್ಯಾವಿಲೆಂಡ್ ತಲೆಗೆ ಕಟ್ಟುವುದು ತಪ್ಪು.

1913ರ ಬಿದ್ದ ಪ್ರಸಂಗಕ್ಕೆ ಬರೋಣ. ವಿಮಾನ ಬಿ.ಎಸ್.1, ಒಬ್ಬರೇ ಕೂರುವ ವೇಗದ ಸ್ಕೌಟ್. 14 ಸಿಲಿಂಡರಿನ ನೋಮ್ ರೋಟರಿ (ಪ್ರೊಪೆಲರ್ ಜೊತೆ ಸಿಲಿಂಡರುಗಳೂ ತಿರುಗುವ ಎಂಜಿನ್), ಹೆಸರಿಗೆ 100 ಅಶ್ವಶಕ್ತಿ. ಗಂಟೆಗೆ 91 ಮೈಲಿ ದಾಟಿತು. ಆ ಹೊತ್ತಿಗೆ ಬೆರಗಿನ ವೇಗ. ಆದರೆ ಬಾಲದಲ್ಲಿ ಸ್ಥಿರ ಫಿನ್ ಇಲ್ಲ, ಚುಕ್ಕಾಣಿ ಚಿಕ್ಕದು. ಮೊದಲ ಹಾರಾಟಗಳಲ್ಲೇ ಚುಕ್ಕಾಣಿ ಸಾಲದು ಎಂದು ಡಿ ಹ್ಯಾವಿಲೆಂಡ್ ಗುರುತಿಸಿದ್ದರು, ದೊಡ್ಡದರ ಕೆಲಸ ನಡೆಯುತ್ತಿತ್ತು. ಅದು ಬರುವ ಮೊದಲೇ ಮಾರ್ಚ್ 27ರಂದು ತಿರುವಿನಲ್ಲಿ ಗಿರಕಿಗೆ ಸಿಕ್ಕಿ ಬಿದ್ದರು. ದವಡೆ ಮುರಿಯಿತು.

ಆದ್ದರಿಂದ ಉತ್ತರ: ವಿನ್ಯಾಸದ ತಪ್ಪು, ಮತ್ತು ಆ ವಿನ್ಯಾಸ ಅವರದೇ. ಸಾಲದ ಚುಕ್ಕಾಣಿಯೊಂದಿಗೆ ಮತ್ತೆ ಹತ್ತಿದ್ದು ಚಾಲಕನ ತಪ್ಪು, ಅದೂ ಅವರೇ. ಬಾಲದ ಗಾತ್ರಕ್ಕೆ ಇಂದು ಬಳಸುವ ಲೆಕ್ಕ ಹೀಗಿದೆ: ನಿಂತ ಬಾಲದ ವಿಸ್ತೀರ್ಣವನ್ನು ಗುರುತ್ವ ಕೇಂದ್ರದಿಂದ ಅದಕ್ಕಿರುವ ದೂರದಿಂದ ಗುಣಿಸಿ, ರೆಕ್ಕೆಯ ವಿಸ್ತೀರ್ಣ ಮತ್ತು ತುದಿಯಿಂದ ತುದಿಗಿರುವ ಅಗಲದ ಗುಣಲಬ್ಧದಿಂದ ಭಾಗಿಸಿ. 0.02ರಿಂದ 0.04 ಬಂದರೆ ಸಾಮಾನ್ಯವಾಗಿ ಸರಿ. 1913ರಲ್ಲಿ ಇಂಥ ಲೆಕ್ಕ ಇರಲಿಲ್ಲ, ಕಣ್ಣಂದಾಜು ಅಷ್ಟೇ.

ಗಿರಕಿಯಿಂದ ಹೊರಬರುವುದು ಹೇಗೆಂದು ಗೊತ್ತೇ ಇರಲಿಲ್ಲವೇ ಎಂದರೆ, ಒಂದು ಸುಳಿವು ಇತ್ತು. 1912ರ ಆಗಸ್ಟ್ 25ರಂದು ಲೆಫ್ಟಿನೆಂಟ್ ವಿಲ್‌ಫ್ರೆಡ್ ಪಾರ್ಕ್, ಅವ್ರೊ ವಿಮಾನದಲ್ಲಿ, ಗಿರಕಿಯ ಎದುರು ದಿಕ್ಕಿಗೆ ಚುಕ್ಕಾಣಿ ಒತ್ತಿ ನೆಲಕ್ಕೆ ಸ್ವಲ್ಪವೇ ಮೇಲೆ ಬಚಾವಾಗಿದ್ದರು. ಎದುರು ಚುಕ್ಕಾಣಿಯೇ ಮದ್ದು ಎಂದಾದರೆ, ಚುಕ್ಕಾಣಿಯೇ ಚಿಕ್ಕದಿರುವ ವಿಮಾನದಲ್ಲಿ ಗೊತ್ತಿದ್ದೂ ಎಷ್ಟು ಪ್ರಯೋಜನ? ಬಿ.ಎಸ್.1 ಅನ್ನು 80 ಅಶ್ವಶಕ್ತಿಯ ನೋಮ್ ಹಾಕಿ, ಬಾಲ ಬದಲಿಸಿ ಎಸ್.ಇ.2 ಎಂದು ಮರುಕಟ್ಟಿದರು.

ತಂತಿಬಿಗಿ

ಯುದ್ಧಕಾಲದ ಭಾಗ ಹೇಳಿಬಿಡುತ್ತೇನೆ. 1914ರ ಆರಂಭದಲ್ಲಿ ಅವರನ್ನು ವಿಮಾನ ತಪಾಸಣಾ ವಿಭಾಗಕ್ಕೆ ಹಾಕಿದರು. ಹೆಸರಿಗೆ ಬಡ್ತಿ, ಆದರೆ ನಕ್ಷೆ ಹಲಗೆ ಕೈತಪ್ಪಿತು. ಕೆಲವೇ ತಿಂಗಳಲ್ಲಿ ಬಿಟ್ಟು ಹೆಂಡನ್‌ನ ಏರ್ಕೊ ವಿಮಾನ ಕಂಪನಿ ಸೇರಿದರು. ಮಾಲೀಕ ಜಾರ್ಜ್ ಹೋಲ್ಟ್ ಥಾಮಸ್. ಸಂಬಳ ವರ್ಷಕ್ಕೆ 600 ಪೌಂಡ್, ಜೊತೆಗೆ ಮಾರಿದ ಪ್ರತಿ ವಿಮಾನಕ್ಕೆ ಕಮಿಷನ್. ವಿಮಾನಗಳಿಗೆ ಅವರ ಹೆಸರಿನ ಡಿ.ಎಚ್. ಅಕ್ಷರಗಳು ಅಂಟಿದ್ದು ಇಲ್ಲಿಂದ.

ಡಿ.ಎಚ್.2 (1915ರ ಜೂನ್ 1) ಎಂಜಿನ್ ಹಿಂದೆ ಇಟ್ಟುಕೊಂಡದ್ದು ಹಳೆಯ ಅಭ್ಯಾಸದಿಂದಲ್ಲ. ತಿರುಗುವ ಪ್ರೊಪೆಲರ್ ನಡುವೆ ಗುಂಡು ಹಾರಿಸುವ ಹೊಂದಾಣಿಕೆಯ ಸಾಧನ ಬ್ರಿಟಿಷರ ಬಳಿ ಆಗ ಇರಲಿಲ್ಲ. ಮುಂದೆ ಪ್ರೊಪೆಲರ್ ಇಲ್ಲದಿದ್ದರೆ ಲೂಯಿಸ್ ಮೆಷಿನ್ ಗನ್ ನೇರ ಹಾರಿಸಬಹುದು. ಬೆಲೆ ಏನು ತೆರಬೇಕಾಯಿತು? ಒಡಲಿನ ಬದಲು ಬಾಲ ಹಿಡಿಯುವ ನಾಲ್ಕು ಕೊಳವೆಗಳು, ಅವುಗಳ ನಡುವೆ ತಂತಿಗಳ ಬಲೆ, ಅದಷ್ಟೂ ಗಾಳಿಗೆ ಅಡ್ಡಿ. 100 ಅಶ್ವಶಕ್ತಿಯ ಮೊನೊಸೂಪಾಪ್ ರೋಟರಿ ಎಂಜಿನ್ ಇದ್ದೂ ಗಂಟೆಗೆ 93 ಮೈಲಿ ಮಾತ್ರ. ಇನ್ನೊಂದು ಅಪಾಯ ಆ ಎಂಜಿನ್‌ನದು: ಸಿಲಿಂಡರ್ ಕಿತ್ತುಹೋದರೆ ಅದು ಬಾಲದ ಕೊಳವೆಯನ್ನೇ ಕತ್ತರಿಸಬಹುದಿತ್ತು, ಕತ್ತರಿಸಿದ ಉದಾಹರಣೆಗಳೂ ಇವೆ.

ಗನ್ ಜೋಡಣೆಯಲ್ಲೂ ಎಡವಿದ್ದರು. ಚಾಲಕ ಒಂದು ಕೈಯಲ್ಲಿ ಹಾರಿಸುತ್ತ ಇನ್ನೊಂದು ಕೈಯಲ್ಲಿ ಗನ್ ಆಚೀಚೆ ತಿರುಗಿಸಲಿ ಎಂಬ ಯೋಚನೆ. ಯುದ್ಧದಲ್ಲಿ ಅದು ನಡೆಯದ ಮಾತು. 24ನೇ ಸ್ಕ್ವಾಡ್ರನ್‌ನ ಮೇಜರ್ ಲ್ಯಾನೊ ಹಾಕರ್ ಗನ್ ಕದಲದಂತೆ ಹಿಡಿಯುವ ಕ್ಲಿಪ್ ಮಾಡಿಸಿ, ವಿಮಾನವನ್ನೇ ಗುರಿಯತ್ತ ತಿರುಗಿಸುವ ದಾರಿ ಹಿಡಿದರು. ಡಿ.ಎಚ್.2ರ ಗಿರಕಿಯ ಭಯ ಬಿಡಿಸಿದ್ದೂ ಹಾಕರ್, ತಾವೇ ಗಿರಕಿ ಹಾಕಿ ಹೊರಬಂದು ತೋರಿಸಿ. ಮೂರು ಕೆಲಸ: ಎಂಜಿನ್ ತಗ್ಗಿಸಿ, ಎದುರು ಚುಕ್ಕಾಣಿ, ಕಡ್ಡಿ ಮುಂದಕ್ಕೆ. ಮೂಗು ಕೆಳಗಿರುವಾಗ ಕಡ್ಡಿ ಹಿಂದಕ್ಕೆಳೆಯಬೇಕೆಂದು ಕೈ ತವಕಿಸುತ್ತದೆ, ಎಳೆದರೆ ಗಿರಕಿ ಬಿಡುವುದೇ ಇಲ್ಲ.

ಡಿ.ಎಚ್.4 (1916ರ ಆಗಸ್ಟ್) ಬಗ್ಗೆ: ಅಡ್ಡಹೆಸರಿಗೆ ಕಾರಣ ಪೆಟ್ರೋಲ್ ಟ್ಯಾಂಕಿನ ಜಾಗ. ಚಾಲಕ ಮುಂದೆ, ಮೇಲಿನ ರೆಕ್ಕೆಯ ಕೆಳಗೆ, ಬಾಂಬಿನ ಗುರಿಗೆ ಕೆಳಗಿನ ನೋಟ ಸಿಗಲಿ ಎಂದು. ಗನ್ನರ್ ದೂರ ಹಿಂದೆ, ಸುತ್ತ ಗುಂಡು ಹಾರಿಸಲಿ ಎಂದು. ಮಧ್ಯದ ಖಾಲಿ ಜಾಗಕ್ಕೆ, ಗುರುತ್ವ ಕೇಂದ್ರದ ಹತ್ತಿರ, ಮುಖ್ಯ ಟ್ಯಾಂಕ್. ಇಂಧನ ಖರ್ಚಾದಂತೆ ಸಮತೋಲ ಕೆಡುವುದಿಲ್ಲ. ಲೆಕ್ಕಕ್ಕೆ ಅಚ್ಚುಕಟ್ಟು. ಆದರೆ ಇಬ್ಬರ ನಡುವೆ ಮಾತಿಲ್ಲ. ಮಾತಿನ ಕೊಳವೆ ಕೆಲಸಕ್ಕೆ ಬರುತ್ತಿರಲಿಲ್ಲ. ನೆಲಕ್ಕೆ ಬಡಿದರೆ ಟ್ಯಾಂಕ್ ಚಾಲಕನನ್ನು ಎಂಜಿನ್‌ಗೆ ಒತ್ತುತ್ತದೆ.

ಹಳೇ ಎಂಜಿನ್

ತಂತಿಬಿಗಿ ಸರ್, ಅಡ್ಡಹೆಸರನ್ನು ಹಾಗೇ ಒಪ್ಪಲು ನನಗೆ ಮನಸ್ಸಿಲ್ಲ. ಬಟ್ಟೆ, ಮರ, ಪೆಟ್ರೋಲು ಸೇರಿದ ಆ ಕಾಲದ ಯಾವ ವಿಮಾನವೂ ಗುಂಡು ಬಿದ್ದರೆ ಉರಿಯುತ್ತಿತ್ತು. ಡಿ.ಎಚ್.4ರ ಒಡಲಿನ ಮುಂಭಾಗಕ್ಕೆ ಪ್ಲೈವುಡ್ ಹೊದಿಕೆ ಇತ್ತು, ಗಟ್ಟಿಮುಟ್ಟು. 375 ಅಶ್ವಶಕ್ತಿಯ ರೋಲ್ಸ್ ರಾಯ್ಸ್ ಈಗಲ್ 8 ಹಾಕಿದಾಗ ಹೋರಾಟದ ವಿಮಾನಗಳಿಗೂ ಬೆನ್ನಟ್ಟಲು ಕಷ್ಟ. ಟ್ಯಾಂಕಿನ ಜಾಗ ತಪ್ಪು ಎನ್ನಿ, ಒಪ್ಪುತ್ತೇನೆ. ಶವಪೆಟ್ಟಿಗೆ ಅನ್ನುವುದು ಅತಿ.

ತಿದ್ದಿದ ಡಿ.ಎಚ್.9 ಏನಾಯಿತು ನೋಡಿ. ಚಾಲಕನನ್ನು ಹಿಂದೆ ತಂದು ಗನ್ನರ್ ಹತ್ತಿರ ಕೂರಿಸಿದರು, ಟ್ಯಾಂಕನ್ನು ಮುಂದಕ್ಕೆ ಒಯ್ದರು. ಕೂರುವ ಜಾಗ ಸರಿಹೋಯಿತು, ಎಂಜಿನ್ ಕೈಕೊಟ್ಟಿತು. 300 ಅಶ್ವಶಕ್ತಿ ನಿರೀಕ್ಷಿಸಿದ್ದ ಸಿಡ್ಲಿ ಪ್ಯೂಮಾ 230ಕ್ಕೆ ಇಳಿಯಿತು. ಬಾಂಬು ಹೊತ್ತರೆ ತಾನು ತಿದ್ದಬೇಕಿದ್ದ ಡಿ.ಎಚ್.4ರಷ್ಟೂ ಎತ್ತರ ಏರದು. ಅಮೆರಿಕದ 400 ಅಶ್ವಶಕ್ತಿಯ ಲಿಬರ್ಟಿ ಹಾಕಿ 9ಎ ಮಾಡಿದ ಮೇಲೆಯೇ ಅದು ವಿಮಾನವಾದದ್ದು. ಲೇಖನದಲ್ಲಿ 4, 9, 9ಎ ಮೂರನ್ನೂ ಒಟ್ಟಿಗೆ ಹೇಳಿ, ಬಿಡಿಬಿಡಿಯಾಗಿ ಹೇಳಿದರೆ ಅರ್ಥವಾಗದು.

ಗಾಳಿಪಟ

ಮೂವರಿಗೂ ಧನ್ಯವಾದ. ಯುದ್ಧದ ನಂತರವೂ ಅವರೇ ಪರೀಕ್ಷಾ ಹಾರಾಟ ಮಾಡುತ್ತಿದ್ದರೇ, ಅಥವಾ 1918ಕ್ಕೇ ನಿಂತಿತೇ?

ಚುಕ್ಕಾಣಿ

ನಿಲ್ಲಲಿಲ್ಲ. ಏರ್ಕೊದಲ್ಲಿ ಕೆಲಸ ಹೆಚ್ಚಾದಾಗ ಬಿ. ಸಿ. ಹಕ್ಸ್ ಪರೀಕ್ಷಾ ಹಾರಾಟದ ಭಾರ ಹಂಚಿಕೊಂಡರು. 1920ರಲ್ಲಿ ಏರ್ಕೊ ಕೈಬದಲಾದ ಮೇಲೆ ಸೆಪ್ಟೆಂಬರ್ 25ರಂದು ಸ್ಟ್ಯಾಗ್ ಲೇನ್‌ನಲ್ಲಿ ಡಿ ಹ್ಯಾವಿಲೆಂಡ್ ಅವರದೇ ಕಂಪನಿ ಶುರುವಾಯಿತು. ಡಿ.ಎಚ್. ಸಂಖ್ಯೆಗಳು ಕಡಿಯದೆ ಮುಂದುವರಿದವು. 1925ರ ಫೆಬ್ರವರಿ 22ರಂದು ಡಿ.ಎಚ್.60 ಮಾತ್ ಅನ್ನು ಮೊದಲ ಬಾರಿ ಹಾರಿಸಿದ್ದು ಅವರೇ, ಆಗ 42 ವರ್ಷ. 1933ರ ಕಿಂಗ್ಸ್ ಕಪ್ ಪಂದ್ಯವನ್ನು ಲೆಪರ್ಡ್ ಮಾತ್‌ನಲ್ಲಿ ಗೆದ್ದದ್ದೂ ಅವರೇ.

ನಿಮ್ಮ ಲೇಖನಕ್ಕೆ ಒಂದು ಕೊಂಡಿ ಬೇಕಿದ್ದರೆ: ಮಾತ್‌ನ 60 ಅಶ್ವಶಕ್ತಿಯ ಸಿರಸ್ ಎಂಜಿನ್ ಅನ್ನು ಎಂಜಿನ್ ವಿನ್ಯಾಸಕ ಫ್ರ್ಯಾಂಕ್ ಹ್ಯಾಲ್ಫರ್ಡ್ ಮಾಡಿದ್ದು ಏರ್‌ಡಿಸ್ಕೊ ವಿ-8ರ ಅರ್ಧ ಭಾಗವನ್ನು ಹೊಸ ಕ್ರ್ಯಾಂಕ್ ಪೆಟ್ಟಿಗೆಗೆ ಕೂರಿಸಿ. ಆ ಏರ್‌ಡಿಸ್ಕೊ ಯುದ್ಧದಲ್ಲಿ ಮಿಕ್ಕ ರೆನೋ ವಿ-8ಗಳನ್ನು ಸುಧಾರಿಸಿದ್ದು. 1912ರಲ್ಲಿ ಬಿ.ಇ.2ಗೆ ಕೂರಿಸಿದ ರೆನೋದ್ದೇ ಮನೆತನ.